ನಡುರಾತ್ರಿಗೆ ಬಿದಿಗೆ ಚಂದ್ರ ಸಿಗುವುದಿಲ್ಲ

(ಒಂದು ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಸಭೆಯಲ್ಲಿದ್ದವರು ಕೇಳಿದ ಪ್ರಶ್ನೆಗಳೂ ನಡುನಡುವೆ ಬರುತ್ತವೆ.)

ಮೊದಲು ಪರದೆಯ ಮೇಲಿರುವ ಈ ಚಿತ್ರ ನೋಡಿ. ಮಕ್ಕಳ ಕಥೆಯೊಂದಕ್ಕೆ ಬರೆದದ್ದು. ಗೋಡೆ ಗಡಿಯಾರದಲ್ಲಿ ರಾತ್ರಿ ಹನ್ನೆರಡು ಗಂಟೆ. ಕಿಟಕಿಯಾಚೆ ಕಪ್ಪು ಆಕಾಶ. ನೆತ್ತಿಯ ಮೇಲೆ ಕುಡುಗೋಲಿನಂಥ ತೆಳ್ಳನೆಯ ಚಂದ್ರ. ಆ ಕುಡುಗೋಲಿನ ಎರಡು ತುದಿಗಳ ನಡುವೆ ಒಂದು ನಕ್ಷತ್ರ ಮಿನುಗುತ್ತಿದೆ. ಚೆಂದದ ಚಿತ್ರ. ಚಿಕ್ಕವನಿದ್ದಾಗ ನಾನೂ ಇಂಥದ್ದೇ ಬರೆದು ಶಭಾಷ್ ಅನ್ನಿಸಿಕೊಂಡಿದ್ದೆ. ಆದರೆ ಇದರಲ್ಲಿ ಎರಡು ತಪ್ಪುಗಳಿವೆ. ಹೇಳಿ ನೋಡೋಣ.

"ನಕ್ಷತ್ರ ಅಲ್ಲಿರುವುದಕ್ಕೆ ಆಗುವುದಿಲ್ಲ" ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದಿರಿ. ಸರಿಯಾಗಿ ಹಿಡಿದಿರಿ. ಬೆಳಗಿರುವುದು ತೆಳ್ಳನೆಯ ಒಂದು ಅಂಚು ಮಾತ್ರ. ಆದರೆ ಚಂದ್ರ ಅಷ್ಟೇ ಅಲ್ಲವಲ್ಲ! ಉಳಿದ ಗುಂಡು ಪೂರ್ತಿ ಅಲ್ಲೇ ಇದೆ, ಕತ್ತಲಲ್ಲಿದೆ ಅಷ್ಟೇ. ಆ ಜಾಗದಲ್ಲಿ ನಕ್ಷತ್ರ ಕಾಣಬೇಕಾದರೆ ಚಂದ್ರನಿಗೆ ತೂತು ಕೊರೆಯಬೇಕು.

ಎರಡನೆಯ ತಪ್ಪು? ಯಾರೂ ಹೇಳಲಿಲ್ಲ. ಇರಲಿ, ಅಲ್ಲಿಗೆ ಆಮೇಲೆ ಬರೋಣ. ಅದಕ್ಕೆ ಸ್ವಲ್ಪ ತಯಾರಿ ಬೇಕು.

ಮೇಜಿನ ಮೇಲೆ ಎರಡು ಚೆಂಡುಗಳಿವೆ. ಫುಟ್‌ಬಾಲ್ ನಮ್ಮ ಭೂಮಿ. ಟೆನಿಸ್ ಚೆಂಡು ಚಂದ್ರ. ಅಳತೆ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಭೂಮಿಯ ಅಡ್ಡಳತೆ 12,742 ಕಿಲೋಮೀಟರ್, ಚಂದ್ರನದು 3,474 ಕಿಲೋಮೀಟರ್. ಯಾರಾದರೂ ಬಂದು ಚಂದ್ರನನ್ನು ಸರಿಯಾದ ದೂರದಲ್ಲಿ ಇಡಿ.

(ಒಬ್ಬರು ಬಂದು ಒಂದು ಮೊಳ ದೂರದಲ್ಲಿ ಇಟ್ಟರು. ಸಭೆ "ಇನ್ನೂ ದೂರ" ಎಂದಿತು. ಮೇಜಿನ ತುದಿಗೆ ಇಟ್ಟರು.)

ಇನ್ನೂ ದೂರ. ವೇದಿಕೆಯಿಂದ ಇಳಿಯಿರಿ. ನಡೆಯಿರಿ. ಹಾಂ, ಅಲ್ಲಿ ನಿಲ್ಲಿ, ಸುಮಾರು ಆರೂವರೆ ಮೀಟರ್. ಪುಸ್ತಕದ ಒಂದು ಪುಟದಲ್ಲಿ ಭೂಮಿ, ಚಂದ್ರ ಎರಡನ್ನೂ ತೋರಿಸಬೇಕಲ್ಲ, ಹಾಗಾಗಿ ಪಕ್ಕಪಕ್ಕದಲ್ಲಿ ಬರೆಯುತ್ತಾರೆ. ನಮ್ಮ ತಲೆಯಲ್ಲಿ ಆ ಚಿತ್ರವೇ ಕೂತಿದೆ. ನಿಜವಾಗಿ ನಡುವೆ ಮೂವತ್ತು ಭೂಮಿಗಳನ್ನು ಸಾಲಾಗಿ ಜೋಡಿಸಬಹುದು. ಸರಾಸರಿ ದೂರ 3,84,400 ಕಿಲೋಮೀಟರ್. ಬೆಳಕಿಗೂ ಅಲ್ಲಿಂದ ಇಲ್ಲಿಗೆ ಬರಲು ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಇದೇ ಅಳತೆಯಲ್ಲಿ ಸೂರ್ಯ ಎಲ್ಲಿ ಅಂತ ಕೇಳಿದರೆ, 24 ಮೀಟರ್ ಅಗಲದ ಗುಂಡೊಂದನ್ನು ಎರಡೂವರೆ ಕಿಲೋಮೀಟರ್ ಆಚೆ ಇಡಬೇಕು. ಇದನ್ನು ನೆನಪಿಡಿ. ಸೂರ್ಯ ಅಷ್ಟು ದೂರ ಇರುವುದರಿಂದ ಫುಟ್‌ಬಾಲಿಗೂ ಟೆನಿಸ್ ಚೆಂಡಿಗೂ ಬೆಳಕು ಒಂದೇ ದಿಕ್ಕಿನಿಂದ ಬೀಳುತ್ತದೆ.

ಗ್ರಹದ ಸುತ್ತ ತಿರುಗುವುದು ಉಪಗ್ರಹ. 1957ರ ಸ್ಪುಟ್ನಿಕ್‌ನಿಂದ ಈಚೆಗೆ ಮನುಷ್ಯರು ಹಾರಿಸಿದ್ದೆಲ್ಲ ಕೃತಕ. ಚಂದ್ರ ತಾನಾಗಿ ಇರುವವನು, ಸುಮಾರು 450 ಕೋಟಿ ವರ್ಷಗಳಿಂದ. ಭೂಮಿ ಎಳೆಯುತ್ತಿದ್ದರೂ ಅವನು ಯಾಕೆ ಬೀಳುವುದಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಬೀಳುತ್ತಲೇ ಇದ್ದಾನೆ! ಪ್ರತಿ ಸೆಕೆಂಡಿಗೆ ಒಂದು ಕಿಲೋಮೀಟರ್‌ನಷ್ಟು ಮುಂದಕ್ಕೆ ಓಡುತ್ತಾನೆ. ಅದೇ ಸೆಕೆಂಡಿನಲ್ಲಿ ಭೂಮಿಯ ಕಡೆಗೆ ಒಂದೂವರೆ ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ ಬೀಳುತ್ತಾನೆ. ಓಟವೂ ಬೀಳುವುದೂ ಸೇರಿ ದಾರಿ ಬಾಗುತ್ತದೆ. ಬಾಗಿ ಬಾಗಿ ಮತ್ತೆ ಹೊರಟಲ್ಲಿಗೇ ಬರುತ್ತದೆ. ಉಪಗ್ರಹ ಅಂದರೆ ಇಷ್ಟೇ.

ಅವನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಬಿದ್ದರೆ ನೂರರಲ್ಲಿ ಹನ್ನೆರಡು ಪಾಲು ಹಿಂದಿರುಗಿಸುತ್ತಾನೆ, ಅಷ್ಟೇ. ಹಾಲಿನಂಥ ಬಿಳುಪು ಎಂದು ನಾವು ಹೊಗಳುವುದು ಹಳೆಯ ಡಾಂಬರು ರಸ್ತೆಯಷ್ಟು ಮಂಕಾದ ನೆಲವನ್ನು. ಸುತ್ತ ಕತ್ತಲಿರುವುದರಿಂದ ಹೊಳೆಯುತ್ತಾನೆ. ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಡಾಂಬರು ರಸ್ತೆಯೊಂದು ಅಷ್ಟು ಚೆಂದ ಕಾಣುವುದು ದೊಡ್ಡ ವಿಷಯವೇ.

ಈಗ ಮುಖ್ಯ ಪ್ರಶ್ನೆ. ಚಂದ್ರ ದಿನದಿನಕ್ಕೆ ಯಾಕೆ ಕರಗುತ್ತಾನೆ? ಭೂಮಿಯ ನೆರಳು ಬೀಳುವುದರಿಂದ ಅನ್ನುವವರು ಕೈ ಎತ್ತಿ. ಅರ್ಧ ಸಭೆ! ನಾಚಿಕೆ ಬೇಡ. ಪ್ರತಿ ಉಪನ್ಯಾಸದಲ್ಲೂ ಹೀಗೇ ಆಗುತ್ತದೆ.

ನೆರಳಿನ ಉತ್ತರವನ್ನು ಪರೀಕ್ಷಿಸಲು ಉಪಕರಣ ಬೇಡ, ಒಂದು ಮಧ್ಯಾಹ್ನ ಸಾಕು. ಅಮಾವಾಸ್ಯೆಯಾಗಿ ಏಳೆಂಟು ದಿನಕ್ಕೆ, ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಹೊರಗೆ ಬನ್ನಿ. ಪಶ್ಚಿಮಕ್ಕೆ ವಾಲುತ್ತಿರುವ ಸೂರ್ಯ. ಪೂರ್ವದಲ್ಲಿ ಏರುತ್ತಿರುವ ಅರ್ಧಚಂದ್ರ. ಇಬ್ಬರೂ ಒಂದೇ ಆಕಾಶದಲ್ಲಿ, ನಿಮ್ಮ ಕಣ್ಣೆದುರೇ ಇದ್ದಾರೆ. ನೀವು ನಿಂತ ಭೂಮಿ ಕಾಲ ಕೆಳಗಿದೆ. ಅದರ ನೆರಳು ಸೂರ್ಯನಿಗೆ ಬೆನ್ನು ಹಾಕಿ ಆಚೆಗೆ ಹೋಗುತ್ತಿದೆ. ಅದು ಪಕ್ಕದಲ್ಲಿರುವ ಚಂದ್ರನ ಮೇಲೆ ಬೀಳುವುದಾದರೂ ಹೇಗೆ? ಬೀಳುವುದಿಲ್ಲ. ಹಗಲು ಹೊತ್ತಿನ ಚಂದ್ರ ಒಬ್ಬನೇ ಸಾಕು ಆ ಉತ್ತರವನ್ನು ಕೆಡವಲು. ಆದರೆ ಹಗಲಲ್ಲಿ ಚಂದ್ರನನ್ನು ನಾವು ನೋಡುವುದೇ ಇಲ್ಲ. ಚಂದ್ರ ಅಂದರೆ ರಾತ್ರಿ ಎಂದು ಕಲಿತುಬಿಟ್ಟಿದ್ದೇವೆ.

ಸರಿಯಾದ ಉತ್ತರ ಹೊಸದೇನಲ್ಲ. 499ರಲ್ಲಿ ಆರ್ಯಭಟ ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಭೂಮಿ, ಗ್ರಹಗಳು ಎಲ್ಲ ಗುಂಡುಗಳ ಅರ್ಧಭಾಗ ತಮ್ಮದೇ ನೆರಳಿನಿಂದ ಕತ್ತಲಾಗಿರುತ್ತದೆ, ಸೂರ್ಯನಿಗೆ ಮುಖ ಮಾಡಿದ ಇನ್ನರ್ಧ ಬೆಳಗುತ್ತದೆ ಎಂದು. "ತಮ್ಮದೇ ನೆರಳು" ಅನ್ನುವುದನ್ನು ಗಮನಿಸಿ. ಬೇರೆಯವರ ನೆರಳಲ್ಲ. ಚಂದ್ರನ ಅರ್ಧ ಯಾವಾಗಲೂ ಹಗಲು, ಅರ್ಧ ಯಾವಾಗಲೂ ರಾತ್ರಿ. ಅಮಾವಾಸ್ಯೆಯಲ್ಲೂ ಅಷ್ಟೇ, ಹುಣ್ಣಿಮೆಯಲ್ಲೂ ಅಷ್ಟೇ. ಹಗಲಿನ ಆ ಅರ್ಧದಲ್ಲಿ ನಮ್ಮ ಕಡೆಗೆ ಎಷ್ಟು ತಿರುಗಿದೆ ಅನ್ನುವುದು ಮಾತ್ರ ಬದಲಾಗುತ್ತದೆ.

ದೀಪ ಆರಿಸಿ. ಈ ಒಂದು ಬಲ್ಬ್ ಸೂರ್ಯ. ನನ್ನ ತಲೆ ಭೂಮಿ, ಕಣ್ಣು ನೀವು. ಚೆಂಡನ್ನು ಕೈ ಚಾಚಿ ಹಿಡಿದಿದ್ದೇನೆ. ಬಲ್ಬಿಗೆ ಮುಖ ಮಾಡಿ ನಿಂತರೆ ಚೆಂಡಿನ ಕತ್ತಲ ಬದಿ ನನಗೆ. ಅಮಾವಾಸ್ಯೆ. ಮೆಲ್ಲಗೆ ಎಡಕ್ಕೆ ತಿರುಗುತ್ತೇನೆ. ಬಲ ಅಂಚಿನಲ್ಲಿ ಒಂದು ಬೆಳಕಿನ ಎಳೆ. ಬಿದಿಗೆ, ತದಿಗೆ. ಕಾಲು ಸುತ್ತು ತಿರುಗಿದೆ. ಬಲ್ಬು ಈಗ ನನ್ನ ಬಲಗಡೆ ಇದೆ, ಚೆಂಡಿನ ಬಲ ಅರ್ಧ ಬೆಳಗಿದೆ. ಅಷ್ಟಮಿ. ಇನ್ನೂ ತಿರುಗಿದರೆ ಬಲ್ಬು ಬೆನ್ನಿಗೆ. ಅಯ್ಯೋ, ಚೆಂಡು ಕತ್ತಲಾಯಿತು! ನನ್ನ ತಲೆಯ ನೆರಳು ಬಿತ್ತು. ಭೂಮಿಯ ನೆರಳು ಬೀಳುವುದು ಇಲ್ಲಿ ಮಾತ್ರ, ಅದರ ಹೆಸರು ಗ್ರಹಣ. ಚೆಂಡನ್ನು ಸ್ವಲ್ಪ ಎತ್ತಿ ಹಿಡಿದರೆ ಪೂರ್ತಿ ಬೆಳಗುತ್ತದೆ. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. 5 ಡಿಗ್ರಿ ಅಂದರೆ ಹತ್ತು ಚಂದ್ರರನ್ನು ಸಾಲಾಗಿ ಇಡುವಷ್ಟು. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲಿಂದಲೋ ಕೆಳಗಿಂದಲೋ ಜಾರಿಕೊಳ್ಳುತ್ತಾನೆ.

ಮನೆಗೆ ಹೋಗಿ ಇದನ್ನು ನೀವೇ ಮಾಡಿ. ನಾನು ಮಾಡಿ ತೋರಿಸಿದ್ದಕ್ಕಿಂತ ನೀವು ಚೆಂಡು ಹಿಡಿದು ತಿರುಗಿದಾಗ ಜಾಸ್ತಿ ತಿಳಿಯುತ್ತದೆ. ಯಾಕೆಂದರೆ ಈಗ ನೀವು ಬೇರೆ ಜಾಗದಲ್ಲಿ ಕೂತಿದ್ದೀರಿ. ನನಗೆ ಅಷ್ಟಮಿ ಕಂಡಾಗ ನಿಮ್ಮಲ್ಲಿ ಕೆಲವರಿಗೆ ಹುಣ್ಣಿಮೆ ಕಂಡಿರುತ್ತದೆ.

ಈ ಬದಲಾವಣೆಗೆ ಕನ್ನಡದಲ್ಲಿ ಚಂದ್ರನ ಕಲೆಗಳು ಅನ್ನುತ್ತೇವೆ. ಅವನ ಮುಖದ ಕಪ್ಪು ಮಚ್ಚೆಗಳಿಗೂ ಕಲೆ ಎಂದೇ ಹೆಸರು. ಗೊಂದಲ ಬೇಡ. ಮಚ್ಚೆಗಳು ಬಹುಪಾಲು 300 ಕೋಟಿ ವರ್ಷಗಳಿಗೂ ಹಿಂದೆ ಲಾವಾ ಹರಿದು ಗಟ್ಟಿಯಾದ ಬಯಲುಗಳು. ಅವು ಅಳಿಸುವುದಿಲ್ಲ.

ಈಗ ಗಡಿಯಾರದ ವಿಷಯಕ್ಕೆ ಬರೋಣ. ಇಡೀ ಉಪನ್ಯಾಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಚಂದ್ರನ ಆಕಾರ ಅಂದರೆ ಸೂರ್ಯನಿಂದ ಅವನು ಆಕಾಶದಲ್ಲಿ ಎಷ್ಟು ದೂರ ಇದ್ದಾನೆ ಅನ್ನುವುದರ ಗುರುತು. ತಿಥಿ ಎಂಬ ಪದದ ಒಳಗೆ ಇರುವ ಲೆಕ್ಕವೂ ಇದೇ. ಸೂರ್ಯನಿಂದ ಚಂದ್ರ 12 ಡಿಗ್ರಿ ಸರಿದರೆ ಒಂದು ತಿಥಿ. 30 ತಿಥಿಗೆ 360 ಡಿಗ್ರಿ, ಒಂದು ಸುತ್ತು. ಚಂದ್ರನ ವೇಗ ದಾರಿಯುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಅದಕ್ಕೇ ಒಂದು ತಿಥಿ ಸುಮಾರು 19 ಗಂಟೆಗೂ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು.

ಆಕಾರ ದೂರವನ್ನು ಹೇಳುತ್ತದೆ. ಸೂರ್ಯ ಹೊತ್ತನ್ನು ಹೇಳುತ್ತಾನೆ. ಎರಡನ್ನೂ ಜೋಡಿಸಿ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರು. ಅಂದರೆ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಬೇಕು, ನಡುರಾತ್ರಿಗೆ ನಡು ಆಕಾಶಕ್ಕೆ ಬರಬೇಕು, ಬೆಳಗಾಗುವಾಗ ಮುಳುಗಬೇಕು. ಶುಕ್ಲಪಕ್ಷದ ಅರ್ಧಚಂದ್ರ ಸೂರ್ಯನಿಗಿಂತ ಕಾಲು ಸುತ್ತು ಹಿಂದೆ. ನಡುಹಗಲಿಗೆ ಹುಟ್ಟುತ್ತಾನೆ, ಸಂಜೆಗೆ ನಡು ಆಕಾಶದಲ್ಲಿರುತ್ತಾನೆ, ನಡುರಾತ್ರಿಗೆ ಮುಳುಗುತ್ತಾನೆ. ಕೃಷ್ಣಪಕ್ಷದ ಅರ್ಧಚಂದ್ರ ಇದಕ್ಕೆ ತಿರುಗಾಮುರುಗ. ನಡುರಾತ್ರಿಗೆ ಹುಟ್ಟಿ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೊರಟಾಗಲೂ ಆಕಾಶದಲ್ಲಿ ಇರುತ್ತಾನೆ.

ಇನ್ನು ಬಿದಿಗೆ ಚಂದ್ರ. ಅವನು ಸೂರ್ಯನ ಬೆನ್ನಿಗೇ ಅಂಟಿಕೊಂಡಿರುತ್ತಾನೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಕೆಳಗೆ ಕಾಣಿಸಿಕೊಂಡು ಒಂದೆರಡು ಗಂಟೆಯೊಳಗೆ ಅವನೂ ಮುಳುಗುತ್ತಾನೆ. ರಾತ್ರಿ ಹನ್ನೆರಡಕ್ಕೆ ನೆತ್ತಿಯ ಮೇಲೆ? ಸಾಧ್ಯವೇ ಇಲ್ಲ. ಆ ಹೊತ್ತಿಗೆ ಸೂರ್ಯ ನಮ್ಮ ಕಾಲ ಕೆಳಗೆ, ಭೂಮಿಯ ಆಚೆ ಬದಿಯಲ್ಲಿದ್ದಾನೆ. ಬಿದಿಗೆ ಚಂದ್ರನೂ ಅವನ ಜೊತೆಗೇ ಇದ್ದಾನೆ. ಚಿತ್ರದ ಎರಡನೆಯ ತಪ್ಪು ಇದು. ಧ್ರುವಗಳ ಹತ್ತಿರ ಬೇಸಿಗೆಯಲ್ಲಿ ನಡುರಾತ್ರಿಗೂ ಸೂರ್ಯ ಮುಳುಗದ ಜಾಗಗಳಿವೆ, ಅಲ್ಲಿನ ಮಾತು ಬೇರೆ. ಆದರೆ ಅಲ್ಲಿ ಕಪ್ಪು ಆಕಾಶ ಸಿಗುವುದಿಲ್ಲ.

ಈ ಲೆಕ್ಕ ಒಮ್ಮೆ ಕೈಗೆ ಸಿಕ್ಕರೆ ಸಿನಿಮಾ ನೋಡುವುದು ಕಷ್ಟ ಎಂದು ಎಚ್ಚರಿಸುತ್ತೇನೆ. ಸಂಜೆ ಪೂರ್ವದಲ್ಲಿ ಕುಡುಗೋಲು ಚಂದ್ರ ಹುಟ್ಟಿದ್ದು ಕಂಡರೆ ಕಥೆಯ ಕಡೆ ಮನಸ್ಸು ಹೋಗುವುದಿಲ್ಲ. ಪಕ್ಕದಲ್ಲಿ ಕೂತವರಿಗೂ ತೊಂದರೆ.

ಚಂದ್ರ ದಿನವೂ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದೂ ಇದೇ ಕಾರಣಕ್ಕೆ. ಭೂಮಿ ಒಂದು ಸಲ ತಿರುಗಿ ಬರುವಷ್ಟರಲ್ಲಿ ಅವನು ಮುಂದಕ್ಕೆ ಸರಿದಿರುತ್ತಾನೆ. ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು.

ಒಬ್ಬರು ಕೇಳಿದರು: "ಹುಣ್ಣಿಮೆಯ ಆಚೀಚೆ ಮೂರು ದಿನ ಚಂದ್ರ ದುಂಡಗೇ ಕಾಣುತ್ತಾನೆ. ಅಷ್ಟಮಿಯ ಹತ್ತಿರ ಮಾತ್ರ ದಿನದಿನಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಯಾಕೆ?" ಒಳ್ಳೆಯ ಗಮನ. ಚಂದ್ರ ಸುತ್ತುವುದು ಹೆಚ್ಚುಕಡಿಮೆ ಒಂದೇ ಸಮ, ಆದರೆ ಬೆಳಕು ತುಂಬುವುದು ಒಂದೇ ಸಮವಲ್ಲ. ಹುಣ್ಣಿಮೆಗೆ ಒಂದು ದಿನ ಮುಂಚೆ ನೂರಕ್ಕೆ 99ರಷ್ಟು ಬೆಳಗಿರುತ್ತದೆ. ಎರಡು ದಿನ ಮುಂಚೆಯೂ 95ರ ಮೇಲೆ. ಅರ್ಧಚಂದ್ರನಾದರೋ ಒಂದೇ ದಿನದಲ್ಲಿ 50ರಿಂದ 60ಕ್ಕೆ ಜಿಗಿಯುತ್ತಾನೆ. ಗುಂಡನೆಯ ಚೆಂಡನ್ನು ತಿರುಗಿಸಿ ನೋಡಿ. ಬೆಳಕು–ಕತ್ತಲೆಯ ಗಡಿಗೆರೆ ನಡುವಿನಲ್ಲಿದ್ದಾಗ ಸರಸರ ಓಡುತ್ತದೆ, ಅಂಚಿಗೆ ಬಂದಾಗ ನಿಂತಂತೆ ಕಾಣುತ್ತದೆ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಅರ್ಧಚಂದ್ರ ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡಬೇಕು, ಅಲ್ವಾ? ಕೊಡುವುದು ಸುಮಾರು ಹತ್ತರಲ್ಲಿ ಒಂದು ಪಾಲು! ಅರ್ಧಚಂದ್ರನ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ಪ್ರತಿ ಕಲ್ಲು, ಪ್ರತಿ ಕುಳಿ, ಪುಡಿಮಣ್ಣಿನ ಕಣವೂ ಪಕ್ಕಕ್ಕೆ ನೆರಳು ಚೆಲ್ಲುತ್ತದೆ. ಹುಣ್ಣಿಮೆಯಲ್ಲಿ ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ. ಆ ನೆರಳುಗಳೆಲ್ಲ ಅವುಗಳ ಹಿಂದೆಯೇ ಅಡಗುತ್ತವೆ.

ಹಾಗಾಗಿ ಟೆಲಿಸ್ಕೋಪ್ ಇರುವವರಿಗೆ ಒಂದು ಮಾತು. ಹುಣ್ಣಿಮೆಯ ದಿನ ಚಂದ್ರನನ್ನು ನೋಡಬೇಡಿ. ನೆರಳಿಲ್ಲದ ಚಂದ್ರ ಸಪ್ಪೆ. ಅಷ್ಟಮಿಯ ಸುತ್ತಮುತ್ತ ಗಡಿಗೆರೆಯ ಹತ್ತಿರ ನೋಡಿ. ಅಲ್ಲಿ ಬೆಳಗಾಗುತ್ತಿದೆ. ಕುಳಿಗಳ ಅಂಚು ಬಿಸಿಲಲ್ಲಿ, ತಳ ಕತ್ತಲಲ್ಲಿ. 1609ರಲ್ಲಿ ಗೆಲಿಲಿಯೊ ಕಂಡದ್ದು ಇದನ್ನೇ. ಕತ್ತಲ ಭಾಗದ ಒಳಗೆ ಬಿಡಿಬಿಡಿಯಾಗಿ ಬೆಳಕಿನ ಚುಕ್ಕೆಗಳು. ಸ್ವಲ್ಪ ಹೊತ್ತಿಗೆ ಅವು ಬೆಳೆದು ಬೆಳಗಿದ ಭಾಗಕ್ಕೆ ಸೇರಿದವು. ಬೆಟ್ಟದ ತುದಿಗೆ ಮೊದಲು ಬಿಸಿಲು ಬರುತ್ತದಲ್ಲ, ಹಾಗೆ. ಚಂದ್ರನಲ್ಲೂ ಬೆಟ್ಟಗಳಿವೆ ಎಂದು ಅವನು ಹೇಳಿದ್ದು ಈ ಚುಕ್ಕೆಗಳನ್ನು ನೋಡಿ.

ಚಂದ್ರನ ಮೇಲೆ ಇಳಿಯುವವರಿಗೂ ಈ ಗಡಿಗೆರೆ ಬೇಕು. 1969ರ ಜುಲೈನಲ್ಲಿ ಅಪೋಲೊ 11 ಇಳಿದಾಗ ಅಲ್ಲಿ ಮುಂಜಾನೆ. ಸೂರ್ಯ ಸುಮಾರು 10 ಡಿಗ್ರಿ ಮೇಲೆ ಬಂದಿದ್ದ. ನೆರಳು ಉದ್ದವಾಗಿದ್ದರೆ ಹಳ್ಳ–ದಿಣ್ಣೆ ಕಣ್ಣಿಗೆ ಕಾಣುತ್ತವೆ ಎಂದು ಬೇಕಂತಲೇ ಆ ಹೊತ್ತನ್ನು ಆರಿಸಿದ್ದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದೂ ಬೆಳಗಿನ ಹೊತ್ತಿಗೇ. ಆದರೆ ಕಾರಣ ಇನ್ನೊಂದು. ವಿಕ್ರಮ್ ಮತ್ತು ಪ್ರಜ್ಞಾನ್ ಬಿಸಿಲಿನಿಂದ ವಿದ್ಯುತ್ ಮಾಡಿಕೊಳ್ಳುವ ಯಂತ್ರಗಳು. ಚಂದ್ರನ ಒಂದು ಹಗಲು ಅಂದರೆ ನಮ್ಮ ಸುಮಾರು 14 ದಿನ. ಅಷ್ಟೂ ಹೊತ್ತು ದುಡಿಸಬೇಕಾದರೆ ಬೆಳಗ್ಗೆಯೇ ಇಳಿಯಬೇಕು. ಮಾರನೆಯ ದಿನ ಆಗಸ್ಟ್ 24ಕ್ಕೆ ಇಲ್ಲಿಂದ ನೋಡಿದರೆ ಸರಿಯಾದ ಅರ್ಧಚಂದ್ರ. 31ಕ್ಕೆ ಹುಣ್ಣಿಮೆ. ಅದಾಗಿ ಕೆಲವು ದಿನಕ್ಕೆ, ಸೆಪ್ಟೆಂಬರ್ ಮೊದಲ ವಾರ, ಚಂದ್ರ ಕರಗುತ್ತಿದ್ದಂತೆ ಅಲ್ಲಿ ಸಂಜೆಯಾಗುತ್ತಾ ಬಂತು. ಎರಡನ್ನೂ ನಿದ್ದೆಗೆ ಕಳಿಸಿದರು. ನಾವು ಇಲ್ಲಿ ಕೂತು ನೋಡುತ್ತಿದ್ದ ಗಡಿಗೆರೆಯೇ ಅವುಗಳ ಬೆಳಗು ಮತ್ತು ಬೈಗು.

ಬಿದಿಗೆ–ತದಿಗೆಯ ಸಂಜೆ ಚೆನ್ನಾಗಿ ನೋಡಿದರೆ ಕತ್ತಲ ಭಾಗವೂ ಬೂದಿ ಬಣ್ಣದಲ್ಲಿ ಮಸುಕಾಗಿ ಕಾಣುತ್ತದೆ. ಅದು ನಮ್ಮದೇ ಬೆಳಕು. ಸೂರ್ಯನಿಂದ ಭೂಮಿಗೆ, ಭೂಮಿಯಿಂದ ಚಂದ್ರನಿಗೆ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ. 16ನೇ ಶತಮಾನದ ಆರಂಭದಲ್ಲೇ ಲಿಯೊನಾರ್ಡೊ ಡಾ ವಿಂಚಿ ಇದನ್ನು ಊಹಿಸಿ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದ. ಬಿದಿಗೆಯಲ್ಲೇ ಯಾಕೆ ಚೆನ್ನಾಗಿ ಕಾಣುತ್ತದೆ ಗೊತ್ತಾ? ಚಂದ್ರನ ಮೇಲೆ ನಿಂತವನಿಗೆ ಭೂಮಿಗೂ ಹೀಗೇ ಕಲೆಗಳಿವೆ, ನಮ್ಮದಕ್ಕೆ ಉಲ್ಟಾ. ನಮಗೆ ಅಮಾವಾಸ್ಯೆಯಾದಾಗ ಅವನಿಗೆ ಭೂಮಿಯ ಹುಣ್ಣಿಮೆ. ಅಷ್ಟು ದೊಡ್ಡ ಭೂಮಿ ಪೂರ್ತಿ ಬೆಳಗಿ ಚಂದ್ರನ ರಾತ್ರಿಗೆ ಬೆಳದಿಂಗಳು ಸುರಿಯುತ್ತಿರುತ್ತದೆ.

ಚಂದ್ರನ ಹಿಂಬದಿ ಸದಾ ಕತ್ತಲು ಅನ್ನುವವರಿಗೂ ಉತ್ತರ ಇಲ್ಲೇ ಇದೆ. ಅವನು ನಮಗೆ ಒಂದೇ ಮುಖ ತೋರಿಸುವುದು ನಿಜ. ಭೂಮಿಯನ್ನು ಒಂದು ಸುತ್ತು ಬರುವಷ್ಟರಲ್ಲಿ ತಾನೂ ಒಂದೇ ಸುತ್ತು ತಿರುಗುತ್ತಾನೆ. ಕುರ್ಚಿಯ ಕಡೆಗೇ ಮುಖ ಮಾಡಿ ಅದರ ಸುತ್ತ ನಡೆದು ನೋಡಿ, ಕೋಣೆಯ ನಾಲ್ಕೂ ಗೋಡೆ ನಿಮ್ಮ ಕಣ್ಣಿಗೆ ಬೀಳುತ್ತವೆ. ಹಿಂಬದಿಗೂ ಹಗಲು, ರಾತ್ರಿ ಎರಡೂ ಉಂಟು. ಅಮಾವಾಸ್ಯೆಯ ದಿನವಂತೂ ಅಲ್ಲಿ ಪೂರ್ತಿ ಬಿಸಿಲು. ಸೋವಿಯತ್ ನೌಕೆ ಲೂನಾ 3 ಆ ಬದಿಯ ಮೊದಲ ಫೋಟೊ ತೆಗೆದದ್ದು 1959ರ ಅಕ್ಟೋಬರ್ 7ಕ್ಕೆ, ಅಮಾವಾಸ್ಯೆಯಾಗಿ ಐದು ದಿನಕ್ಕೆ. ಫೋಟೊಗೆ ಬೆಳಕು ಬೇಕಲ್ಲ!

"ಚಂದ್ರ 27 ದಿನಕ್ಕೆ ಸುತ್ತುತ್ತಾನೆ ಅಂತ ಓದಿದ್ದೇನೆ. ಹುಣ್ಣಿಮೆ ಮಾತ್ರ 29–30 ದಿನಕ್ಕೆ ಬರುತ್ತದೆ. ಯಾವುದು ಸರಿ?" ಎರಡೂ ಸರಿ. ನಕ್ಷತ್ರಗಳನ್ನು ಗುರುತಾಗಿ ಇಟ್ಟುಕೊಂಡರೆ 27.3 ದಿನಕ್ಕೆ ಒಂದು ಸುತ್ತು. ಆದರೆ ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಸುಮಾರು 27 ಡಿಗ್ರಿ ಮುಂದೆ ಹೋಗಿರುತ್ತದೆ. ಸೂರ್ಯನ ದಿಕ್ಕು ಬದಲಾಗಿರುತ್ತದೆ. ಮತ್ತೆ ನೇರ ಎದುರಿಗೆ ಬರಲು ಚಂದ್ರ ಇನ್ನೆರಡು ದಿನ ಓಡಬೇಕು. ಆಗ 29.5 ದಿನ.

ಅರ್ಧಚಂದ್ರನನ್ನು ಬಿಡುವ ಮುಂಚೆ ಒಂದು ಹಳೆಯ ಕಥೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅರಿಸ್ಟಾರ್ಕಸ್ ಎಂಬ ಗ್ರೀಕ್ ಒಂದು ಉಪಾಯ ಹೂಡಿದ. ಚಂದ್ರ ಸರಿಯಾಗಿ ಅರ್ಧ ಕಾಣುವ ಗಳಿಗೆಯಲ್ಲಿ ಸೂರ್ಯ, ಚಂದ್ರ, ನಾವು ಸೇರಿದ ತ್ರಿಕೋನದಲ್ಲಿ ಚಂದ್ರನ ಮೂಲೆ 90 ಡಿಗ್ರಿ ಇರಲೇಬೇಕು. ನಮ್ಮ ಮೂಲೆಯ ಕೋನ ಸಿಕ್ಕರೆ ಸೂರ್ಯ ಎಷ್ಟು ಪಟ್ಟು ದೂರ ಎಂದು ತಿಳಿಯುತ್ತದೆ! ಅವನು ಇಟ್ಟುಕೊಂಡ ಕೋನ 87 ಡಿಗ್ರಿ. ಸೂರ್ಯ ಚಂದ್ರನಿಗಿಂತ 18ರಿಂದ 20 ಪಟ್ಟು ದೂರ ಎಂದ. ನಿಜವಾದ ಕೋನ 89.85 ಡಿಗ್ರಿ. ದೂರ 390 ಪಟ್ಟಿನ ಹತ್ತಿರ. ಮೂರು ಡಿಗ್ರಿಗಿಂತ ಕಡಿಮೆ ತಪ್ಪಿಗೆ ಉತ್ತರ ಇಪ್ಪತ್ತು ಪಟ್ಟು ಕೆಟ್ಟಿತು. ಆದರೂ ಅರ್ಧಚಂದ್ರನನ್ನು ನೋಡಿ ಸೂರ್ಯನ ದೂರ ಅಳೆಯಬಹುದು ಎಂದು ಹೊಳೆಯಿತಲ್ಲ, ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಹುಟ್ಟುವಾಗ ಚಂದ್ರ ದೊಡ್ಡದಾಗಿ ಕಾಣುವುದು ಬರೀ ಭ್ರಮೆ. ಕೈ ಚಾಚಿ ಕಿರುಬೆರಳು ಹಿಡಿಯಿರಿ, ಹುಟ್ಟುವಾಗಲೂ ನೆತ್ತಿಯಲ್ಲೂ ಅದು ಚಂದ್ರನನ್ನು ಆರಾಮಾಗಿ ಮುಚ್ಚುತ್ತದೆ. ಸೂಪರ್‌ಮೂನ್ ಬಗ್ಗೆ ಕೇಳಿದವರಿಗೆ: ಚಂದ್ರ ಅತಿ ಹತ್ತಿರ ಬಂದ ಹುಣ್ಣಿಮೆಗೂ ಅತಿ ದೂರದ ಹುಣ್ಣಿಮೆಗೂ ಗಾತ್ರದಲ್ಲಿ ವ್ಯತ್ಯಾಸ ನೂರಕ್ಕೆ 14ರಷ್ಟು. ಎರಡನ್ನೂ ಪಕ್ಕಪಕ್ಕ ಇಡಲು ಆಗುವುದಿಲ್ಲವಾದ್ದರಿಂದ ಕಣ್ಣಿಗೆ ಗೊತ್ತಾಗುವುದು ಕಷ್ಟ. ಸುಮ್ನೆ ಸದ್ದು ಜಾಸ್ತಿ.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಹಾಗಾದರೆ ಆ ಚಿತ್ರವನ್ನು ಸರಿ ಮಾಡುವುದು ಹೇಗೆ?"

ಗಡಿಯಾರವನ್ನು ಸಂಜೆ ಏಳಕ್ಕೆ ತಿರುಗಿಸು. ಚಂದ್ರನನ್ನು ನೆತ್ತಿಯಿಂದ ಇಳಿಸಿ ಪಶ್ಚಿಮದ ಅಂಚಿಗೆ ತಾ. ಬೆಳಗಿದ ಅಂಚು ಸೂರ್ಯ ಮುಳುಗಿದ ಕಡೆಗೇ ಇರಲಿ, ಕೋಡುಗಳು ಅದರ ವಿರುದ್ಧ ದಿಕ್ಕಿಗೆ. ಭೂಮಿಯ ಉತ್ತರಾರ್ಧದಿಂದ ನೋಡುವವರಿಗೆ ಬೆಳಗಿದ ಅಂಚು ಬಲಕ್ಕೆ, ದಕ್ಷಿಣಾರ್ಧದವರಿಗೆ ಎಡಕ್ಕೆ. ಸಮಭಾಜಕ ರೇಖೆಯ ಹತ್ತಿರ ಇರುವವರಿಗೆ ಚಂದ್ರ ದೋಣಿಯ ಹಾಗೆ ಅಂಗಾತ ಮಲಗಿರುತ್ತಾನೆ. ನಕ್ಷತ್ರವನ್ನು ಪಕ್ಕಕ್ಕೆ ಸರಿಸು. ಕತ್ತಲ ಭಾಗಕ್ಕೆ ಚೂರು ಬೂದಿ ಬಣ್ಣ ಹಚ್ಚಿದರೆ ಇನ್ನೂ ಚೆನ್ನ.

ಚಿತ್ರ ಬರೆದವರಿಗೂ ಇಷ್ಟನ್ನೇ ಹೇಳಿದ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಕಥೆಯಲ್ಲಿ ನಡುರಾತ್ರಿ ಎಂದೇ ಇದೆಯಲ್ಲ ಎಂದರು. ಹಾಗಾದರೆ ದುಂಡು ಚಂದ್ರ ಬರೆಯಿರಿ ಎಂದೆ. ಕುಡುಗೋಲು ಚೆಂದ ಎಂದರು. ಪುಸ್ತಕ ಅಚ್ಚಾಗಿ ಬಂದಾಗ ನೋಡಿದರೆ ಗೋಡೆಯ ಮೇಲಿನ ಗಡಿಯಾರವನ್ನೇ ಅಳಿಸಿದ್ದರು. ನಕ್ಷತ್ರ ಮಾತ್ರ ಈಗಲೂ ಅಲ್ಲೇ ಇದೆ.